ದಾವಣಗೆರೆ–ಚಿತ್ರದುರ್ಗ ಎರಡು ಕ್ಯಾಂಪಸ್: ವಿಡಿಯೊ ಪಾಠ ದಿನಾ ಕಟ್ ಆಗುತ್ತಿದೆ, ಸ್ಪೀಡ್ ಜಾಸ್ತಿ ಮಾಡಿಸಿದರೆ ಸಾಕಾ?

ಲ್ಯಾಬ್_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಒಂದು ಸಮಸ್ಯೆ ತಂದಿದ್ದೇನೆ, ತಿಳಿದವರು ದಾರಿ ತೋರಿಸಿ.

ನಮ್ಮದು ಖಾಸಗಿ ಶಿಕ್ಷಣ ಸಂಸ್ಥೆ, ಹೆಸರು ಇಲ್ಲಿ ಬೇಡ. ಮುಖ್ಯ ಕ್ಯಾಂಪಸ್ ದಾವಣಗೆರೆಯಲ್ಲಿದೆ, ಇನ್ನೊಂದು ಚಿತ್ರದುರ್ಗದಲ್ಲಿ. ಎರಡೂ ಕಡೆಯ ಕಂಪ್ಯೂಟರ್, ನೆಟ್‌ವರ್ಕ್ ನಾನೇ ನೋಡಿಕೊಳ್ಳುತ್ತೇನೆ. ಈ ವರ್ಷ ಚಿತ್ರದುರ್ಗಕ್ಕೆ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ಸಿಗಲಿಲ್ಲ. ಹಾಗಾಗಿ ಇಲ್ಲಿಂದಲೇ ವಿಡಿಯೊದಲ್ಲಿ ಪಾಠ. ಇಲ್ಲಿ ಎದುರಿಗೆ ಕೂತವರು 60 ಜನ, ಅಲ್ಲಿ ಪರದೆ ಮುಂದೆ 28 ಜನ.

9 ಗಂಟೆಯ ಕ್ಲಾಸ್ ಚೆನ್ನಾಗಿ ನಡೆಯುತ್ತದೆ. 11ರ ಕ್ಲಾಸ್ ಬಂತು ಅಂದರೆ ದನಿ ತುಂಡು ತುಂಡಾಗುತ್ತದೆ, ಬೋರ್ಡಿನ ಚಿತ್ರ ಹಾಗೇ ನಿಂತುಬಿಡುತ್ತದೆ. ಹಾಜರಿ, ಶುಲ್ಕ, ಲೈಬ್ರರಿ ಸಾಫ್ಟ್‌ವೇರ್ ಇರುವ ಸರ್ವರ್ ಕೂಡ ದಾವಣಗೆರೆಯಲ್ಲೇ ಇದೆ. ಆ ಹೊತ್ತಿಗೆ ಚಿತ್ರದುರ್ಗದ ಆಫೀಸಿನಲ್ಲಿ ಒಂದು ಶುಲ್ಕದ ರಸೀದಿ ತೆಗೆಯುವುದಕ್ಕೂ ಹತ್ತು ನಿಮಿಷ.

ದಾವಣಗೆರೆಯಲ್ಲಿ 200 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಇದೆ, ಚಿತ್ರದುರ್ಗದಲ್ಲಿ ಬೇರೆ ಕಂಪನಿಯ 100. ಇಲ್ಲಿ 400, ಅಲ್ಲಿ 200 ಮಾಡಿಸಿ ಅಂತ ಆಡಳಿತ ಮಂಡಳಿ ಹೇಳುತ್ತಿದೆ. ಸರಿಹೋಗುತ್ತದಾ?

ಬೆಣ್ಣೆನಗರಿ
ಸರಿಹೋಗುತ್ತೆ ಸಾರ್. ನಮ್ಮ ಆಫೀಸಿನಲ್ಲೂ ಹೀಗೇ ಆಗುತ್ತಿತ್ತು. ಪ್ಲಾನ್ ಏರಿಸಿದೆವು, ಮುಗಿಯಿತು. ಜಾಸ್ತಿ ಯೋಚನೆ ಮಾಡಬೇಡಿ.

ಹಿರಿಯೂರಿನವಳು
ಅವಸರ ಬೇಡ ಮೇಷ್ಟ್ರೇ. ನಾನು ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸವನ್ನೇ ಮಾಡುವವಳು. ಎರಡು ಕಡೆಯೂ ನೆಟ್ ಇದೆ ಅಂದ ಮಾತ್ರಕ್ಕೆ ಎರಡರ ನಡುವೆ ನಿಮ್ಮದೇ ದಾರಿ ಇದೆ ಅಂತಲ್ಲ. ನಿಮ್ಮ ದಾವಣಗೆರೆ ಕಂಪನಿ ಬೇರೆ, ಚಿತ್ರದುರ್ಗದ ಕಂಪನಿ ಬೇರೆ. ಆ ಇಬ್ಬರು ಕೈ ಕುಲುಕುವ ಜಾಗ ನಡುದಾರಿಯ ಭರಮಸಾಗರದಲ್ಲಿ ಇಲ್ಲ. ಬೆಂಗಳೂರಿನಲ್ಲೋ, ಚೆನ್ನೈನಲ್ಲೋ, ಮುಂಬೈನಲ್ಲೋ ಇರುತ್ತದೆ. 60 ಕಿ.ಮೀ. ಆಚೆ ಇರುವ ಕ್ಲಾಸ್‌ರೂಮಿಗೆ ನಿಮ್ಮ ದನಿ ಆ ಊರನ್ನೆಲ್ಲ ಸುತ್ತಿ ಹೋಗುತ್ತಿದೆ.

ಮೂರು ವಿಷಯ ನೋಡಿ ಹೇಳಿ. 200 ಅನ್ನುವುದು ಡೌನ್‌ಲೋಡಾ, ಅಪ್‌ಲೋಡ್ ಕೂಡ ಅಷ್ಟೇ ಇದೆಯಾ? 9ಕ್ಕೆ ಮತ್ತು 11ಕ್ಕೆ ಎರಡು ಸಲ ಟ್ರೇಸರ್ಟ್ (ಮಾಹಿತಿ ಯಾವ ದಾರಿಯಲ್ಲಿ, ಎಷ್ಟು ಹೊತ್ತಿನಲ್ಲಿ ಹೋಗುತ್ತದೆ ಅಂತ ತೋರಿಸುವ ಕಮಾಂಡ್) ಮಾಡಿ, ಎಷ್ಟು ಹೊತ್ತು ತೋರಿಸುತ್ತದೆ? ಸ್ಥಿರ ಪಬ್ಲಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಯಾವ ಕಡೆಯಾದರೂ ಇದೆಯಾ?

ಪಾಠ ಹೇಳುವವರು ಇರುವುದು ದಾವಣಗೆರೆಯಲ್ಲಿ. ಅಲ್ಲಿಂದ ವಿಡಿಯೊ ಹೊರಗೆ ಹೋಗಬೇಕು. ಅದಕ್ಕೆ ಬೇಕಾದದ್ದು ಅಪ್‌ಲೋಡ್. ಡೌನ್‌ಲೋಡ್ 400 ಮಾಡಿಸಿದರೆ ಆ 28 ಮಕ್ಕಳಿಗೆ ಏನೂ ಸಿಗುವುದಿಲ್ಲ.

ಕೋಟೆಹುಡುಗಿ
ಆ 28 ಜನರಲ್ಲಿ ನಾನೂ ಒಬ್ಬಳು ಅನ್ನಿಸುತ್ತಿದೆ ಸಾರ್. ಪಾಠ ಒಡೆಯುವುದು ಒಂದು ಕಷ್ಟ. ಅದಕ್ಕಿಂತ ದೊಡ್ಡದು, ನಮಗೆ ಪ್ರಶ್ನೆ ಕೇಳಲು ಆಗುವುದಿಲ್ಲ. ಮೈಕ್ ಆನ್ ಮಾಡಿ ಕೇಳಿದರೆ ನಮ್ಮ ದನಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೇಷ್ಟ್ರು ಮುಂದಿನ ಲೆಕ್ಕಕ್ಕೆ ಹೋಗಿರುತ್ತಾರೆ. ಎರಡು ಸಲ ಹಾಗಾದ ಮೇಲೆ ಯಾರೂ ಕೇಳುವುದೇ ಇಲ್ಲ. ಅಲ್ಲಿ ಕೂತವರಿಗೂ ನಮಗೂ ಶುಲ್ಕ ಒಂದೇ, ಪರೀಕ್ಷೆ ಒಂದೇ. ದಯವಿಟ್ಟು ಇದನ್ನು ಬೇಗ ಸರಿಮಾಡಿಸಿ.

ಭದ್ರಾ_ಕೊನೆಭಾಗ
ತಂಗಿ ಹೇಳಿದ್ದು ಓದಿ ನಮ್ಮ ಗದ್ದೆ ನೆನಪಾಯಿತು. ನಮ್ಮದು ಭದ್ರಾ ಕಾಲುವೆಯ ಕೊನೆಭಾಗ. ಡ್ಯಾಂನಿಂದ ಎಷ್ಟು ಬಿಟ್ಟರು ಅನ್ನುವುದು ಪೇಪರಿನಲ್ಲಿ ಬರುತ್ತದೆ. ಮೇಲಿನವರು ಪಂಪ್ ಇಟ್ಟು ಎತ್ತಿಕೊಂಡ ಮೇಲೆ ನಮ್ಮ ತೂಬಿಗೆ ಎಷ್ಟು ಬಂತು ಅನ್ನುವುದು ಬರುವುದಿಲ್ಲ. ಬ್ರಾಡ್‌ಬ್ಯಾಂಡ್‌ನ 200 ಕೂಡ ಡ್ಯಾಂನ ಲೆಕ್ಕವೇ ಅಲ್ವಾ?

ಹಿರಿಯೂರಿನವಳು
ಅಲ್ವಾ ಅಂದರೆ, ಹೌದು. ಮನೆಗಳಿಗೆ ಬರುವ ಫೈಬರ್ ಬಹಳ ಕಡೆ ಜಿಪಾನ್ ಅನ್ನುವ ಬಗೆಯದು. ಒಂದು ಎಳೆ ಫೈಬರ್‌ನಲ್ಲಿ ಕೆಳಗೆ ಬರಲು ಸುಮಾರು 2.5 ಜಿಬಿಪಿಎಸ್, ಮೇಲೆ ಹೋಗಲು ಅದರ ಅರ್ಧ, 1.25. ಅದನ್ನು 32 ಅಥವಾ 64 ಸಂಪರ್ಕಗಳಿಗೆ ಹಂಚುತ್ತಾರೆ. ಎಲ್ಲರೂ ಒಟ್ಟಿಗೆ ಬಳಸುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಕಡಿಮೆ ಬೆಲೆಗೆ ಕೊಡುವುದು. ಮನೆಗೆ ಅದು ಸರಿ.

ಲೀಸ್ಡ್ ಲೈನ್ ಬೇರೆ. 50 ತೆಗೆದುಕೊಂಡರೆ ಬರಲೂ 50, ಹೋಗಲೂ 50, ಯಾರ ಜೊತೆಗೂ ಹಂಚಿಕೆ ಇಲ್ಲ. ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿಮಾಡಬೇಕು ಅಂತ ಬರವಣಿಗೆಯಲ್ಲಿ ಇರುತ್ತದೆ. ಸೂಳೆಕೆರೆಯಿಂದ ಚಿತ್ರದುರ್ಗಕ್ಕೆ ಕುಡಿಯುವ ನೀರಿಗೆ ಅಂತಲೇ ಪೈಪ್ ಹಾಕಿದ್ದಾರಲ್ಲ, ಹಾಗೆ.

ಬೆಣ್ಣೆನಗರಿ
ಲೀಸ್ಡ್ ಲೈನ್ ಬೆಲೆ ಕೇಳಿದ್ದೀರಾ ಮೇಡಂ? ಬ್ರಾಡ್‌ಬ್ಯಾಂಡ್‌ನ ಎಷ್ಟೋ ಪಟ್ಟು. ಮೇಲೆ 18% ಜಿಎಸ್‌ಟಿ ಬೇರೆ. ಇದು ಬೆಂಗಳೂರಿನ ಐಟಿ ಕಂಪನಿ ಅಲ್ಲ, ದಾವಣಗೆರೆಯ ಕಾಲೇಜು. ಅಷ್ಟು ದುಡ್ಡಿದ್ದರೆ ಒಬ್ಬ ಮೇಷ್ಟ್ರನ್ನೇ ಕೆಲಸಕ್ಕೆ ತೆಗೆದುಕೊಳ್ಳಬಹುದಿತ್ತು.

ಕೋಟೆಹುಡುಗಿ
ಮೇಷ್ಟ್ರನ್ನು ತೆಗೆದುಕೊಂಡರೆ ನಮಗೆ ಇನ್ನೂ ಸಂತೋಷ ಸಾರ್!

ಹಳೇಕೇಬಲ್
ನಾನು ದೂರವಾಣಿ ಕೆಲಸದಲ್ಲಿ ಇದೇ ಎರಡು ಜಿಲ್ಲೆಗಳಲ್ಲಿ ಮೂವತ್ತು ವರ್ಷ ಕಳೆದವನು. ಈಗ ನಿವೃತ್ತ. ನಾನೂ ನಾಲ್ಕು ಮಾತು ಸೇರಿಸುತ್ತೇನೆ.

ಕಾಲೇಜುಗಳನ್ನು ಒಂದಕ್ಕೊಂದು ಜೋಡಿಸುವ ಆಲೋಚನೆ ನಮ್ಮ ದೇಶಕ್ಕೆ ಹೊಸದಲ್ಲ. 1986ರಲ್ಲೇ ಇಆರ್‌ನೆಟ್ ಅನ್ನುವ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ಜಾಲ ಶುರುವಾಯಿತು. ಆಗ ಅದರಲ್ಲಿ ಇದ್ದವರು ಎಂಟೇ ಸಂಸ್ಥೆಗಳು: ಐದು ಐಐಟಿ, ಬೆಂಗಳೂರಿನ ಐಐಎಸ್‌ಸಿ, ಮುಂಬೈನ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಎನ್‌ಸಿಎಸ್‌ಟಿ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ. ಆ ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಇವತ್ತು ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

2009ರಲ್ಲಿ ಶಿಕ್ಷಣದಲ್ಲಿ ಕಂಪ್ಯೂಟರ್, ಇಂಟರ್ನೆಟ್ ಬಳಸಲು ಕೇಂದ್ರದ ಎನ್‌ಎಂಇ-ಐಸಿಟಿ ಯೋಜನೆ ಬಂತು. ವಿಶ್ವವಿದ್ಯಾಲಯಕ್ಕೆ 1 ಜಿಬಿಪಿಎಸ್, ಕಾಲೇಜುಗಳಿಗೆ 512 ಕೆಬಿಪಿಎಸ್‌ನ ವಿಪಿಎನ್ (ಖಾಸಗಿ ಜಾಲದ) ಸಂಪರ್ಕಗಳು. ಕೆಬಿಪಿಎಸ್‌ನಲ್ಲಿ ಇರುವುದು ಬಿಟ್ ಲೆಕ್ಕ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 64 ಕಿಲೋಬೈಟ್. 5 ಎಂಬಿಯ ಒಂದು ಪಿಡಿಎಫ್ ಇಳಿಯಲು 80 ಸೆಕೆಂಡ್ ಬೇಕು. ಆದರೂ ಅದರ ಹಿಂದಿನ ಆಲೋಚನೆ ಸರಿಯಾಗಿತ್ತು. ಕಾಲೇಜಿನಿಂದ ಕಾಲೇಜಿಗೆ ಹೋಗುವ ಮಾಹಿತಿ ಒಂದೇ ಜಾಲದ ಒಳಗೆ ಓಡಾಡಬೇಕು, ಊರೆಲ್ಲ ಸುತ್ತಬಾರದು ಅನ್ನುವುದು. ಇವತ್ತು 200 ಎಂಬಿಪಿಎಸ್ ಇದ್ದೂ ಮೇಷ್ಟ್ರು ಒದ್ದಾಡುತ್ತಿರುವುದು ಆ ಆಲೋಚನೆಯನ್ನು ಬಿಟ್ಟಿದ್ದಕ್ಕೆ ಅಂತ ನನ್ನ ಅನಿಸಿಕೆ.

ಭದ್ರಾ_ಕೊನೆಭಾಗ
ಎನ್‌ಕೆಎನ್ ಅಂತ ಇಸ್ರೊದವರು ಒಂದು ಮಾಡಿದ್ದಾರಲ್ಲ, ಅದಕ್ಕೆ ಸೇರಿಕೊಳ್ಳಲು ಆಗುವುದಿಲ್ಲವಾ?

ಹಳೇಕೇಬಲ್
ಇಸ್ರೊ ಅಲ್ಲ ತಮ್ಮಾ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ನಡೆಸುತ್ತದೆ. ರಾಷ್ಟ್ರೀಯ ಜ್ಞಾನ ಜಾಲ. 2010ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು, ಹತ್ತು ವರ್ಷಕ್ಕೆ 5,990 ಕೋಟಿ ರೂಪಾಯಿ. 1,500 ಸಂಸ್ಥೆಗಳನ್ನು ಜೋಡಿಸುವ ಗುರಿ ಇತ್ತು. ಅದರೊಳಗೆ ಇರುವ ಇಬ್ಬರು ಮಾತಾಡಿಕೊಂಡರೆ ಮಾಹಿತಿ ಆ ಜಾಲ ಬಿಟ್ಟು ಹೊರಗೆ ಹೋಗಬೇಕಾಗಿಲ್ಲ. ಅದು ಮುಖ್ಯವಾಗಿ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ, ಸರ್ಕಾರಿ ಲ್ಯಾಬ್‌ಗಳಿಗೆ. ಮೇಷ್ಟ್ರ ಖಾಸಗಿ ಸಂಸ್ಥೆ ಅದನ್ನು ನಂಬಿ ಕೂರುವುದು ಬೇಡ.

ದೂರದೂರಿನ_ದುರ್ಗದವ
ನಾನು ಚಿತ್ರದುರ್ಗದವನು, ಇಂಗ್ಲೆಂಡಿನಲ್ಲಿ ಓದುತ್ತಿದ್ದೇನೆ. ಇಲ್ಲಿ ಜಾನೆಟ್ ಅಂತ ಇದೆ, 1984ರಿಂದ. ವಿಶ್ವವಿದ್ಯಾಲಯಗಳೆಲ್ಲ ಅದಕ್ಕೇ ಸೇರಿಕೊಂಡಿವೆ. ಒಂದೊಂದು ಕ್ಯಾಂಪಸ್ ಒಂದೊಂದು ಕಂಪನಿಯ ಬಾಗಿಲಿಗೆ ಹೋಗುವುದಿಲ್ಲ.

ಬಂದ ಹೊಸದರಲ್ಲಿ ಗೆಳೆಯನನ್ನು ನೋಡಲು ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಗೇಟು ದಾಟುತ್ತಿದ್ದ ಹಾಗೆ ಫೋನ್ ತಾನಾಗಿ ವೈಫೈ ಹಿಡಿಯಿತು. ಎಜುರೋಮ್ ಅನ್ನುವ ವ್ಯವಸ್ಥೆ. ನನ್ನ ಪಾಸ್‌ವರ್ಡ್ ಆ ಕ್ಯಾಂಪಸ್‌ಗೆ ಗೊತ್ತಿಲ್ಲ. ಅದು ನನ್ನ ವಿಶ್ವವಿದ್ಯಾಲಯದ ಸರ್ವರ್ ಅನ್ನು ಕೇಳುತ್ತದೆ, ಆ ಸರ್ವರ್ ‘ಇವನು ನಮ್ಮವನೇ’ ಅಂದರೆ ಬಾಗಿಲು ತೆರೆಯುತ್ತದೆ. ಭಾರತದಲ್ಲೂ ಇದೆ, ಇಆರ್‌ನೆಟ್ ನೋಡಿಕೊಳ್ಳುತ್ತದೆ. ಅವತ್ತು ನನಗೆ ಊರಿನ ನೆನಪು ಬಹಳ ಕಾಡಿತು. ಡಿಗ್ರಿ ಓದುವಾಗ ಒಂದು ಜರ್ನಲ್ ನೋಡಲು ಬಸ್ಸು ಹತ್ತಿ ದಾವಣಗೆರೆಗೆ ಹೋಗುತ್ತಿದ್ದೆ.

ಲೈಬ್ರರಿ_ಅಕ್ಕ
ಆ ಬಸ್ಸಿನ ಕಥೆ ಇನ್ನೂ ಮುಗಿದಿಲ್ಲ. ನಾನು ಬೇರೆ ಸಂಸ್ಥೆಯ ಲೈಬ್ರರಿಯಲ್ಲಿದ್ದೇನೆ. ನಮಗೂ ಎರಡು ಕ್ಯಾಂಪಸ್. ಕೆಲವು ಜರ್ನಲ್‌ಗಳು ನಮ್ಮ ಐಪಿ ನೋಡಿ ಬಾಗಿಲು ತೆಗೆಯುತ್ತವೆ. ಮುಖ್ಯ ಕ್ಯಾಂಪಸ್‌ನ ಐಪಿ ಮಾತ್ರ ಬರೆಸಿದ್ದಾರೆ. ಇನ್ನೊಂದು ಕ್ಯಾಂಪಸ್‌ನ ಮಕ್ಕಳಿಗೆ ಅದೇ ಜರ್ನಲ್ ತೆರೆಯುವುದಿಲ್ಲ. ಮೇಷ್ಟ್ರೇ, ನಿಮ್ಮ ಎರಡು ಕ್ಯಾಂಪಸ್ ಜೋಡಿಸಿದರೆ ಚಿತ್ರದುರ್ಗದವರೂ ದಾವಣಗೆರೆ ಐಪಿಯಿಂದಲೇ ಹೊರಗೆ ಹೋಗಬಹುದಾ?

ಹಿರಿಯೂರಿನವಳು
ತಾಂತ್ರಿಕವಾಗಿ ಆಗುತ್ತದೆ ಅಕ್ಕ. ಆದರೆ ಜರ್ನಲ್ ಒಪ್ಪಂದದಲ್ಲಿ ಎರಡೂ ಕ್ಯಾಂಪಸ್ ಸೇರಿದೆಯಾ ಅಂತ ಮೊದಲು ಓದಿ. ಇನ್ನೊಂದು ದಾರಿ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ನವರ ಇನ್‌ಫೆಡ್ ವ್ಯವಸ್ಥೆಗೆ ಸಂಸ್ಥೆ ಸೇರಿದರೆ, ವಿದ್ಯಾರ್ಥಿ ತನ್ನ ಹೆಸರು, ಪಾಸ್‌ವರ್ಡ್‌ನಿಂದ ಮನೆಯಿಂದಲೇ ಓದಬಹುದು. ಹಾಸ್ಟೆಲ್‌ನಲ್ಲಿ ರಾತ್ರಿ ಓದುವವರಿಗೆ ಅದೇ ಒಳ್ಳೆಯದು.

ಲೈಬ್ರರಿ_ಅಕ್ಕ
ಇದು ನನಗೆ ಬಹಳ ಉಪಯೋಗದ ಮಾತು. ನಾಳೆಯೇ ಪ್ರಿನ್ಸಿಪಾಲರ ಹತ್ತಿರ ಹೋಗುತ್ತೇನೆ.

ಬೆಣ್ಣೆನಗರಿ
ನಾವು ಎಲ್ಲಿಗೋ ಹೋಗಿಬಿಟ್ಟೆವು. ಮೇಷ್ಟ್ರಿಗೆ ದುಡ್ಡು ಉಳಿಸುವ ದಾರಿ ಹೇಳುತ್ತೇನೆ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಮೇಲೆ ಒಂದು ರೇಡಿಯೊ, ದಾವಣಗೆರೆ ಬಿಲ್ಡಿಂಗ್ ಮೇಲೆ ಒಂದು. ತಿಂಗಳ ಬಾಡಿಗೆಯೇ ಇಲ್ಲ.

ಹಳೇಕೇಬಲ್
ಇದು ಆಗದ ಮಾತು. ಜೋಗಿಮಟ್ಟಿ ಕಾಡು, ಅರಣ್ಯ ಇಲಾಖೆ ಒಪ್ಪದೆ ಅಲ್ಲಿ ಒಂದು ಕಂಬವನ್ನೂ ನಿಲ್ಲಿಸುವ ಹಾಗಿಲ್ಲ. ಒಪ್ಪಿದರು ಅಂತಲೇ ಇಟ್ಟುಕೊಳ್ಳಿ. 60 ಕಿ.ಮೀ. ದೂರಕ್ಕೆ ನಡುವೆ ಭೂಮಿಯ ಉಬ್ಬೇ 50 ಮೀಟರ್ ಆಗುತ್ತದೆ. ಬೆಟ್ಟದ ಕಡೆ ಎತ್ತರ ಸಿಕ್ಕಿತು, ದಾವಣಗೆರೆ ಕಡೆ? ಅಲ್ಲಿ ಮೂರು ಅಂತಸ್ತಿನ ಕಾಲೇಜು ಸಾಲುವುದಿಲ್ಲ, ಟವರ್ ಬೇಕು. ಸಿಡಿಲಿಗೆ ಅರ್ಥಿಂಗ್, ಗಾಳಿಗೆ ಡಿಶ್ ತಿರುಗಿದರೆ ಹತ್ತಿ ಸರಿಮಾಡುವವರು ಬೇಕು. ಎರಡು ಮೂರು ಕಿ.ಮೀ. ಒಳಗಿನ ಹಾಸ್ಟೆಲ್‌ಗಾದರೆ ರೇಡಿಯೊ ಚೆನ್ನ. ನಾನೇ ಎಷ್ಟೋ ಕಡೆ ಹಾಕಿಸಿದ್ದೇನೆ.

ಬೆಣ್ಣೆನಗರಿ
ಸರಿ ಸಾರ್, ಒಪ್ಪಿದೆ. ಹಾಗಾದರೆ ಇರುವ ಬ್ರಾಡ್‌ಬ್ಯಾಂಡ್ ಮೇಲೆಯೇ ವಿಪಿಎನ್ ಟನಲ್ ಹಾಕಲಿ, ಅಂದರೆ ಇಂಟರ್ನೆಟ್ ಒಳಗೇ ಎರಡು ಕ್ಯಾಂಪಸ್ ನಡುವೆ ಒಂದು ಖಾಸಗಿ ದಾರಿ. ಒಂದು ಕಡೆ ಸ್ಥಿರ ಐಪಿ ಸಾಕು. ಈ ವಿಷಯದಲ್ಲಿ ನನ್ನ ಮಾತು ತೆಗೆದುಹಾಕಬೇಡಿ, ನಾನೇ ಮಾಡಿದ್ದೇನೆ.

ಹಿರಿಯೂರಿನವಳು
ಇದನ್ನು ನಾನೂ ಒಪ್ಪುತ್ತೇನೆ. ಸರ್ವರ್ ಕೆಲಸಕ್ಕೆ, ರಸೀದಿಗೆ ಟನಲ್ ಸಾಕು. ಆದರೆ ಎರಡು ಕಡೆ ಎಡವುತ್ತಾರೆ, ಮೊದಲೇ ಹೇಳಿಬಿಡುತ್ತೇನೆ.

ಎರಡೂ ಕ್ಯಾಂಪಸ್‌ನ ಒಳಗಿನ ವಿಳಾಸ 192.168.1 ಅಂತಲೇ ಶುರುವಾಗುತ್ತಿರುತ್ತದೆ, ರೂಟರ್ ಡಬ್ಬಿಯಿಂದ ತೆಗೆದಾಗ ಇದ್ದ ಹಾಗೇ. ಟನಲ್ ಹಾಕಿದ ಮೇಲೆ ಒಂದೇ ಬೀದಿಯಲ್ಲಿ ಒಂದೇ ಬಾಗಿಲು ನಂಬರಿನ ಎರಡು ಮನೆ ಆದ ಹಾಗೆ. ಕಾಗದ ಯಾರಿಗೆ ಕೊಡಬೇಕು ಅಂತ ರೂಟರಿಗೆ ತಿಳಿಯುವುದಿಲ್ಲ. ಒಂದು ಕಡೆಯದ್ದನ್ನು ಮೊದಲು ಬದಲಾಯಿಸಿ. ಪ್ರಿಂಟರ್, ಬಯೊಮೆಟ್ರಿಕ್ ಯಂತ್ರ ಎಲ್ಲಕ್ಕೂ ಹೊಸ ವಿಳಾಸ ಕೊಡಬೇಕು. ಒಂದು ಭಾನುವಾರ ಪೂರ್ತಿ ಹಿಡಿಯುತ್ತದೆ.

ಎರಡನೆಯದು, ಮಾಹಿತಿ ಸಣ್ಣ ಸಣ್ಣ ಕಟ್ಟುಗಳಾಗಿ, ಅಂದರೆ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ಸಾಮಾನ್ಯ ಪ್ಯಾಕೆಟ್ ಹೆಚ್ಚೆಂದರೆ 1500 ಬೈಟ್ ಇರುತ್ತದೆ. ಟನಲ್ ಅದರ ಮೇಲೆ ತನ್ನ ಹೊದಿಕೆ ಹಾಕುತ್ತದೆ. ಹೊದಿಕೆ ಸೇರಿ 1500 ದಾಟಿದರೆ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಲಾಗಿನ್ ಪುಟ ತೆರೆಯುತ್ತದೆ, ದೊಡ್ಡ ಫೈಲ್ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ರೂಟರ್‌ನಲ್ಲಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬುವ ಮಾಹಿತಿಯ ಮಿತಿ) 1360ಕ್ಕೆ ಇಳಿಸಿ. ಇದು ಗೊತ್ತಿಲ್ಲದೆ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಮೂರು ದಿನ ನಿದ್ದೆ ಕೆಟ್ಟಿದ್ದೇನೆ.

ಲ್ಯಾಬ್_ಮೇಷ್ಟ್ರು
ನಾಲ್ಕು ದಿನ ಅಳತೆ ಮಾಡಿ ಬಂದಿದ್ದೇನೆ. ಎಲ್ಲರೂ ಇಷ್ಟು ಹೊತ್ತು ಕೊಟ್ಟಿದ್ದೀರಿ, ವಿವರವಾಗಿಯೇ ಬರೆಯುತ್ತೇನೆ.

200ರ ಪ್ಲಾನ್‌ನಲ್ಲಿ ಅಪ್‌ಲೋಡ್ ಸಿಗುವುದು 40 ಮಾತ್ರ. ಬಿಲ್ಲಿನಲ್ಲೇ ಇತ್ತು, ಸಣ್ಣ ಅಕ್ಷರದಲ್ಲಿ. ಟ್ರೇಸರ್ಟ್‌ನಲ್ಲಿ ಮೇಡಂ ಹೇಳಿದ ಹಾಗೆ ಬೆಂಗಳೂರಿಗೆ ಹೋಗಿಯೇ ವಾಪಸ್ ಬರುತ್ತದೆ. 9 ಗಂಟೆಗೆ 14 ಮಿಲಿಸೆಕೆಂಡ್. 11 ಗಂಟೆಗೆ 230, ಒಮ್ಮೊಮ್ಮೆ 400.

11ಕ್ಕೆ ಏನಾಗುತ್ತಿದೆ ಅಂತ ಹುಡುಕಿದೆ. ಸಿಸಿಟಿವಿ ಕ್ಯಾಮೆರಾಗಳ ವಿಡಿಯೊ ಇಡೀ ದಿನ ಕ್ಲೌಡಿಗೆ ಹೋಗುತ್ತಲೇ ಇರುತ್ತದೆ. ಅದರ ಮೇಲೆ ದಿನಾ 10.45ಕ್ಕೆ ಆಫೀಸ್ ಸರ್ವರ್‌ನ ಬ್ಯಾಕಪ್ ಶುರು. ಇವೆರಡೂ ಸೇರಿ ಆ 40ನ್ನು ಪೂರ್ತಿ ತಿನ್ನುತ್ತಿದ್ದವು. ಬ್ಯಾಕಪ್‌ಗೆ ಆ ಹೊತ್ತು ಇಟ್ಟವನು ನಾನೇ. ವಿಡಿಯೊ ಪಾಠ ಶುರುವಾಗುವ ಮೊದಲು, ಎರಡು ವರ್ಷದ ಹಿಂದೆ. ಮಕ್ಕಳ ಕ್ಷಮೆ ಕೇಳುತ್ತೇನೆ.

ಈಗ ಬ್ಯಾಕಪ್ ರಾತ್ರಿ 2ಕ್ಕೆ. ಕ್ಯಾಮೆರಾ ವಿಡಿಯೊ ಕ್ಯಾಂಪಸ್‌ನಲ್ಲೇ ಹಾರ್ಡ್‌ಡಿಸ್ಕಿಗೆ. ರೂಟರ್‌ನಲ್ಲಿ ಪಾಠದ ವಿಡಿಯೊಗೆ ಮೊದಲ ದಾರಿ ಬಿಟ್ಟಿದ್ದೇನೆ.

ದೂರದೂರಿನ_ದುರ್ಗದವ
ಹಿರಿಯೂರಿನ ಮೇಡಂಗೆ ಒಂದು ತಿದ್ದುಪಡಿ. ಊರು ಸುತ್ತಿ ಹೋಗುವುದೇ ದೊಡ್ಡ ಕಾರಣ ಅನ್ನುವ ಹಾಗೆ ಬರೆದಿದ್ದೀರಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ದಾವಣಗೆರೆಯಿಂದ ಬೆಂಗಳೂರು 265, ಅಲ್ಲಿಂದ ಚಿತ್ರದುರ್ಗ 200. ಒಟ್ಟು 465 ಕಿ.ಮೀ.ಗೆ 2.3 ಮಿಲಿಸೆಕೆಂಡ್ ಸಾಕು. ನೇರ ಹೋದರೆ 0.3. ಕಿವಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮೇಷ್ಟ್ರ 230 ಬಂದದ್ದು ಅವರದೇ ಬಾಗಿಲಲ್ಲಿ ನಿಂತ ಸಾಲಿನಿಂದ.

ಹಿರಿಯೂರಿನವಳು
ಲೆಕ್ಕ ಸರಿ, ಒಪ್ಪುತ್ತೇನೆ. ದೂರಕ್ಕಿಂತ ಸಾಲು ದೊಡ್ಡದು. ಆದರೆ ದಾರಿ ಉದ್ದ ಆದಷ್ಟೂ ಸಾಲು ನಿಲ್ಲುವ ಜಾಗಗಳು ಜಾಸ್ತಿ. ಬೆಂಗಳೂರಿನಲ್ಲಿ ಎರಡು ಕಂಪನಿಗಳ ನಡುವಿನ ಸಂಪರ್ಕ ತುಂಬಿಕೊಂಡರೆ ಮೇಷ್ಟ್ರು ಯಾರನ್ನು ಕೇಳಬೇಕು? ದಾವಣಗೆರೆಯವರು ನಮ್ಮ ಕಡೆ ಸರಿ ಇದೆ ಅನ್ನುತ್ತಾರೆ, ಚಿತ್ರದುರ್ಗದವರೂ ಅದನ್ನೇ ಹೇಳುತ್ತಾರೆ. ಒಂದೇ ಕಂಪನಿಯಿಂದ ಎರಡೂ ಕ್ಯಾಂಪಸ್‌ಗೆ ಎಂಪಿಎಲ್‌ಎಸ್ (ಕಂಪನಿ ತನ್ನ ಜಾಲದೊಳಗೇ ಕೊಡುವ ಖಾಸಗಿ ಸಂಪರ್ಕ) ಅಥವಾ ಪಾಯಿಂಟ್ ಟು ಪಾಯಿಂಟ್ (ನೇರ) ಲೈನ್ ತೆಗೆದುಕೊಂಡರೆ ಕೇಳಲು ಒಬ್ಬರು ಇರುತ್ತಾರೆ. ನಾನು ಅದನ್ನೇ ಹಿಡಿದು ಕೂತಿರುವುದು ಇದಕ್ಕಾಗಿ.

ಬೆಣ್ಣೆನಗರಿ
ಎಷ್ಟು ಎಂಬಿಪಿಎಸ್ ಬೇಕು ಹಾಗಾದರೆ? ಒಂದು ವಿಡಿಯೊ ಪಾಠಕ್ಕೆ 4 ಸಾಕು ಅಲ್ವಾ?

ಹಿರಿಯೂರಿನವಳು
ಪಾಠಕ್ಕೆ 4, ಎದುರು ದಿಕ್ಕಿಗೆ ಇನ್ನೊಂದು 4, ಸರ್ವರ್ ಕೆಲಸ. 20 ಇದ್ದರೆ ಆರಾಮ. 400ರ ಮಾತಿನಿಂದ ಶುರು ಮಾಡಿದ್ದೆವು ನೋಡಿ. ಉಳಿದ ಬ್ರೌಸಿಂಗ್ ಎಲ್ಲ ಹಳೇ ಬ್ರಾಡ್‌ಬ್ಯಾಂಡ್‌ನಲ್ಲೇ ಇರಲಿ. ಹೊಸ ಲೈನ್ ಕೆಟ್ಟ ದಿನ ಅದರ ಮೇಲೆ ಟನಲ್ ಏಳಲಿ.

ಬೆಣ್ಣೆನಗರಿ
20 ಅಂದರೆ ನಾನೂ ಒಪ್ಪುತ್ತೇನೆ. ಮೊದಲೇ ಹಾಗೆ ಹೇಳಿದ್ದರೆ ಇಷ್ಟು ವಾದ ಮಾಡುತ್ತಿರಲಿಲ್ಲ.

ಹಳೇಕೇಬಲ್
ಮೇಷ್ಟ್ರೇ, ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಫೈಬರ್ ಯಾವ ದಾರಿಯಲ್ಲಿ ಬರುತ್ತದೆ ಅಂತ ನಕ್ಷೆ ಕೇಳಿ. ದಾವಣಗೆರೆ, ಆನಗೋಡು, ಭರಮಸಾಗರ, ಚಿತ್ರದುರ್ಗ, ಹೀಗೆ ಹೆದ್ದಾರಿ 48ರ ಪಕ್ಕದಲ್ಲೇ ಬಹಳ ಜನರ ಕೇಬಲ್ ಇದೆ. ನಮ್ಮ ಕಾಲದಲ್ಲಿ 1.65 ಮೀಟರ್ ಆಳಕ್ಕೆ ಹಾಕಬೇಕು ಅಂತ ನಿಯಮ ಇತ್ತು. ಆದರೂ ರಸ್ತೆ ಅಗಲ ಮಾಡುವಾಗ ಜೆಸಿಬಿ ಬಂದರೆ ಯಾವ ಆಳವೂ ಕಾಪಾಡುವುದಿಲ್ಲ. ಒಟಿಡಿಆರ್ ಅನ್ನುವ ಅಳತೆ ಯಂತ್ರ ಹಾಕಿ ಎಷ್ಟು ಕಿ.ಮೀ.ನಲ್ಲಿ ಕಟ್ ಆಗಿದೆ ಅಂತ ಹಿಡಿದು, ರಾತ್ರಿ ಟಾರ್ಚ್ ಬೆಳಕಿನಲ್ಲಿ ಕೂದಲೆಳೆಯಂಥ ಫೈಬರ್ ಬೆಸೆದ ದಿನಗಳು ನನಗೆ ಇನ್ನೂ ಕಣ್ಣಮುಂದೆ ಇವೆ. ಬೆಸೆದು ಮುಗಿಸಿ ಎದ್ದಾಗ ಕೋಟೆಯ ಕಡೆ ಬೆಳಗಾಗುತ್ತಿರುತ್ತಿತ್ತು.

ಎರಡು ಕಂಪನಿ ಇದ್ದಾರೆ, ಒಂದು ಕೆಟ್ಟರೆ ಇನ್ನೊಂದು ಅಂತ ನಂಬಬೇಡಿ. ಇಬ್ಬರ ಕೇಬಲ್ಲೂ ಒಂದೇ ಗುಂಡಿಯಲ್ಲಿದ್ದರೆ ಇಬ್ಬರೂ ಒಟ್ಟಿಗೆ ಹೋಗುತ್ತಾರೆ. ಬೇರೆ ದಾರಿ ಅಂದರೆ ರೈಲು ಹಳಿ. ದಾವಣಗೆರೆಯಿಂದ ಚಿಕ್ಕಜಾಜೂರು, ಅಲ್ಲಿಂದ ಚಿತ್ರದುರ್ಗ. ರೈಲ್ವೆಯ ರೈಲ್‌ಟೆಲ್ ಕಂಪನಿ 2000ದಲ್ಲಿ ಶುರುವಾಗಿದ್ದೇ ಹಳಿ ಪಕ್ಕದ ಫೈಬರ್‌ಗಾಗಿ. ಅವರ ಹತ್ತಿರವೂ ವಿಚಾರಿಸಿ.

ಲ್ಯಾಬ್_ಮೇಷ್ಟ್ರು
ಎಲ್ಲ ಬರೆದುಕೊಂಡೆ ಸಾರ್. ಮಂಡಳಿಗೆ ಪತ್ರ ಕೊಟ್ಟಿದ್ದೇನೆ: ಸ್ಪೀಡ್ ಡಬಲ್ ಮಾಡಿಸುವುದು ಬೇಡ, ಎರಡು ಕ್ಯಾಂಪಸ್ ನಡುವೆ 20 ಎಂಬಿಪಿಎಸ್‌ನ ನಮ್ಮದೇ ಲೈನ್ ಬೇಕು, ಚಿತ್ರದುರ್ಗದ ಒಳಗಿನ ವಿಳಾಸಗಳನ್ನು ಬದಲಾಯಿಸಲು ಒಂದು ಭಾನುವಾರ ಬೇಕು ಅಂತ. ಮೂರು ಕಂಪನಿಗಳಿಂದ ದರ ಕೇಳಿದ್ದೇವೆ, ನಕ್ಷೆಯನ್ನೂ ಕೇಳಿದ್ದೇವೆ.

ಕೋಟೆಹುಡುಗಿ
ಇವತ್ತಿನ 11ರ ಕ್ಲಾಸ್ ಪೂರ್ತಿ ಸಿಕ್ಕಿತು ಸಾರ್. ಸ್ಟ್ಯಾಂಡರ್ಡ್ ಎರರ್‌ನಲ್ಲಿ ರೂಟ್ ಎನ್ ಯಾಕೆ ಬರುತ್ತದೆ ಅಂತ ಕೇಳಿದೆ. ಮೇಷ್ಟ್ರು ನಿಂತು ಮತ್ತೆ ಬೋರ್ಡಿನ ಮೇಲೆ ಮಾಡಿ ತೋರಿಸಿದರು. ಅಲ್ಲಿ ಕೂತವರಲ್ಲೂ ಕೆಲವರಿಗೆ ಅದು ಅರ್ಥವಾಗಿರಲಿಲ್ಲವಂತೆ.

ಹಳೇಕೇಬಲ್
ಒಳ್ಳೆಯದಾಯಿತಮ್ಮ. ಮೇಷ್ಟ್ರೇ, ಕಂಪನಿಯವರ ನಕ್ಷೆ ಬಂದ ಕೂಡಲೇ ನನಗೆ ತೋರಿಸಿ. ಆನಗೋಡಿನಿಂದ ಈಚೆಗೆ ಎಲ್ಲಿ ಎಷ್ಟು ಅಗೆದಿದ್ದಾರೆ ಅಂತ ನಾನೇ ಒಂದು ಸಲ ಹೋಗಿ ನೋಡಿಕೊಂಡು ಬರುತ್ತೇನೆ.